ದೂರದೂರಿನ ವಿದ್ಯಾರ್ಥಿ, ದೂರದೇಶದ ಮಿಷನರಿ

ಯಾದಗಿರಿಗೆ ದೂರವಲ್ಲದ ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಅಲ್ಲಿನ 1058ರ ಶಾಸನ ಒಂದು ಘಟಿಕಾಸ್ಥಾನದ ಲೆಕ್ಕಪತ್ರವನ್ನೇ ಕಲ್ಲಿನಲ್ಲಿ ಬರೆದಿಟ್ಟಿದೆ. ವೇದ ಓದುವ 200 ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು, ಗ್ರಂಥ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರು, ಇವರೆಲ್ಲರ ಜೀವನಕ್ಕೆ ಬಿಟ್ಟ ಭೂಮಿ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ ಮಾತಿದು. ಮನೆ ಬಿಟ್ಟು ಬಂದ ವಿದ್ಯಾರ್ಥಿಗೆ ಅನ್ನ, ಸೂರು, ಪುಸ್ತಕ ಬೇಕು ಎಂಬುದನ್ನು ಈ ಸೀಮೆ ಸಾವಿರ ವರ್ಷದ ಹಿಂದೆಯೇ ಅರಿತಿತ್ತು. ಅದಕ್ಕಾಗಿ ದತ್ತಿ ಬಿಡುವುದನ್ನೂ ಅರಿತಿತ್ತು.

ದತ್ತಿ ಬಿಟ್ಟವರು ವಿದ್ಯಾರ್ಥಿಯಿಂದ ಏನನ್ನು ಮರಳಿ ಬಯಸುತ್ತಾರೆ? ಈ ಉಪನ್ಯಾಸದ ಹಿಂದಿರುವ ಪ್ರಶ್ನೆ ಅದು. ಸ್ವಂತ ದೇಶ ಬಿಟ್ಟು, ಪರದೇಶದ ಕಾಲೇಜು ವಿದ್ಯಾರ್ಥಿಗಳ ನಡುವೆ ಕೆಲಸ ಮಾಡಲು ಹೊರಟ ಕ್ರೈಸ್ತ ಮಿಷನರಿಗಳ ಕಥೆಯನ್ನು ಯಾದಗಿರಿ, ಶಹಾಪುರ, ಸುರಪುರದ ಕೇಳುಗರ ಮುಂದೆ ಇಡುವಾಗ ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು. ಧರ್ಮ ಹೇಳಲು ದೂರದಿಂದ ಬಂದವರು ಈ ನೆಲಕ್ಕೆ ಹೊಸಬರೂ ಅಲ್ಲ. ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರು ಕೆತ್ತಿದ ಶಿಲ್ಪವಿದೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿಯವರ ದರ್ಗಾ ಇದೆ. ವಿಜಯಪುರದ ಮೊದಲ ಆದಿಲಶಾಹಿ ಸುಲ್ತಾನರು ಆ ಗುರುವಿನ ಬಳಿಯೇ ಮಣ್ಣಾಗಬೇಕೆಂದು ಬಯಸಿ ಅಲ್ಲಿ ಮಲಗಿದ್ದಾರೆ. ಸುರಪುರದ ಮುದನೂರು ದೇವರ ದಾಸಿಮಯ್ಯನ ಊರು. ತಿಂಥಣಿಯ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಹೋಗುತ್ತಾರೆ. ಇಷ್ಟು ಮಂದಿ ಗುರುಗಳನ್ನು ಕಂಡ ಸೀಮೆಗೆ ಕೊನೆಯಲ್ಲಿ ಬಂದವರು ಕ್ರೈಸ್ತ ಮಿಷನರಿಗಳು.

ಅವರಿಗಿಂತ ಮೊದಲು ಒಬ್ಬ ಇಂಗ್ಲಿಷ್ ಅಧಿಕಾರಿಯ ಮಾತು ಹೇಳಬೇಕು. ಅವನು ಮಿಷನರಿಯಲ್ಲ. ಆದರೆ ಪರದೇಶದ ಹಿರಿಯನೊಬ್ಬ ಈ ಊರಿನ ಹುಡುಗನೊಬ್ಬನ ಶಿಕ್ಷಣದ ಹೊಣೆ ಹೊತ್ತರೆ ಏನಾಗಬಹುದು ಎಂಬುದಕ್ಕೆ ಸುರಪುರದಲ್ಲಿ ಅವನಷ್ಟು ದೊಡ್ಡ ಉದಾಹರಣೆ ಬೇರೆ ಇಲ್ಲ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ. ಹದಿನೈದರ ವಯಸ್ಸಿನಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದ. ನಿಜಾಮನ ಸೈನ್ಯ ಸೇರಿದ. 1841ರಲ್ಲಿ ಸುರಪುರದ ಸಂಸ್ಥಾನದಲ್ಲಿ ಗದ್ದುಗೆಯ ಜಗಳ ಎದ್ದಾಗ ಅವನನ್ನು ಇಲ್ಲಿಗೆ ಕಳಿಸಿದರು. ರಾಜಾ ವೆಂಕಟಪ್ಪ ನಾಯಕ ಆಗಿನ್ನೂ ಎಳೆಯ ಹುಡುಗ. ಹುಡುಗ ಟೇಲರನನ್ನು ‘ಅಪ್ಪ’ ಎನ್ನುತ್ತಿದ್ದ. 1853ರಲ್ಲಿ ಪ್ರಾಯಕ್ಕೆ ಬಂದ ರಾಜನ ಕೈಗೆ ಆಡಳಿತ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದ.

ಟೇಲರನಿಗೆ ಈ ನೆಲದ ಬಗ್ಗೆ ತಿಳಿಯುವ ಹಸಿವಿತ್ತು. ರಾಜನಕೋಳೂರಿನ ಕಲ್ಮನೆಗಳು, ಶಹಾಪುರದ ಸುತ್ತಲಿನ ಬೃಹತ್ ಶಿಲಾಯುಗದ ಕಲ್ಲಿನ ಸಾಲುಗಳ ಬಗ್ಗೆ ಮೊದಲು ಬರೆದು ಹೊರಜಗತ್ತಿಗೆ ಹೇಳಿದವನು ಅವನೇ. ಹುಡುಗನ ಮೇಲೆ ಅವನಿಗಿದ್ದ ಅಕ್ಕರೆಯೂ ಸುಳ್ಳಲ್ಲ. ಆದರೆ ಖಜಾನೆ ಅವನ ಕೈಯಲ್ಲಿತ್ತು, ಹೈದರಾಬಾದಿನ ರೆಸಿಡೆಂಟನಿಗೆ ಹುಡುಗನ ಬಗ್ಗೆ ವರದಿ ಬರೆಯುವ ಲೇಖನಿಯೂ ಅವನ ಕೈಯಲ್ಲೇ ಇತ್ತು. ‘ಅಪ್ಪ’ ಎನ್ನಿಸಿಕೊಂಡವನು ಸರ್ಕಾರವೂ ಆಗಿದ್ದ. 1858ರಲ್ಲಿ ವೆಂಕಟಪ್ಪ ನಾಯಕರು ಕಂಪನಿ ಸರ್ಕಾರದ ವಿರುದ್ಧ ಎದ್ದರು, ಸೋತು ಹೈದರಾಬಾದಿನಲ್ಲಿ ಸೆರೆಯಾದರು. ಸೆರೆಮನೆಯಲ್ಲಿ ಟೇಲರ್ ಅವರನ್ನು ಕಂಡು ಮಾತಾಡಿದ. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಚೆಂಗಲ್ಪಟ್ಟು ಬಂಧನಕ್ಕೆ ಬಂದಿತ್ತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ಗುಂಡು ತಗುಲಿ ರಾಜರು ಸತ್ತರು. ವಯಸ್ಸು ಇಪ್ಪತ್ನಾಲ್ಕರ ಆಸುಪಾಸು. ಅಕ್ಕರೆ ಮತ್ತು ಅಧಿಕಾರ ಒಬ್ಬನೇ ಮನುಷ್ಯನಲ್ಲಿ ಕೂಡಿದಾಗ ಶಿಷ್ಯನಿಗೆ ‘ಇಲ್ಲ’ ಎನ್ನಲು ಜಾಗ ಉಳಿಯುವುದಿಲ್ಲ. ವೆಂಕಟಪ್ಪ ನಾಯಕರು ‘ಇಲ್ಲ’ ಎಂದದ್ದು ಕತ್ತಿ ಹಿಡಿದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಂಗಳೂರಿನ ಕಡೆ ನೋಡಬೇಕು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದಿಳಿದರು. ಎರಡು ವರ್ಷದ ಮೇಲೆ ಬಂದವರು ಹೆರ್ಮನ್ ಮೋಗ್ಲಿಂಗ್. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದವರು. ಮಲಯಾಳಕ್ಕೆ ನಿಘಂಟು ಕೊಟ್ಟ ಹೆರ್ಮನ್ ಗುಂಡರ್ಟರ ಗೆಳೆಯರು. ಮೋಗ್ಲಿಂಗರು ಹುಡುಗರಿಗಾಗಿ ಶಾಲೆ, ಆಮೇಲೆ ಸೆಮಿನರಿ ನಡೆಸಿದರು. ಬಿಳಿಯ ಸಾಹೇಬರಂತೆ ಬಂಗಲೆಯಲ್ಲಿ ಬೇರೆ ಉಳಿದು ಪಾಠದ ಹೊತ್ತಿಗೆ ಬರುವ ಪದ್ಧತಿ ಅವರಿಗೆ ಹಿಡಿಸಲಿಲ್ಲ. ವಿದ್ಯಾರ್ಥಿಗಳ ನಡುವೆಯೇ ಬಾಳಬೇಕೆಂಬುದು ಅವರ ಹಟ. 1843ರ ಜುಲೈ 1ರಂದು ಅವರು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಆ ದಿನವೇ ಇಂದಿಗೂ ನಮಗೆ ಪತ್ರಿಕಾ ದಿನ.

ಮೋಗ್ಲಿಂಗರ ಬದುಕಿನ ಬಹುದೊಡ್ಡ ಘಟನೆ ಪತ್ರಿಕೆಯಲ್ಲ, ಒಬ್ಬ ವಿದ್ಯಾರ್ಥಿ. ಆನಂದರಾವ್ ಕೌಂಡಿನ್ಯ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆಯ ಹುಡುಗ, 1825ರಲ್ಲಿ ಹುಟ್ಟಿದವರು, ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದವರು. 1844ರ ಜನವರಿಯಲ್ಲಿ ಅವರೂ ಇನ್ನಿಬ್ಬರು ಸಾರಸ್ವತ ಯುವಕರೂ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲ ಎದ್ದಿತು. ಮಗ ಜಾತಿ ಬಿಟ್ಟ ಮನೆಯಲ್ಲಿ ಆ ಕಾಲಕ್ಕೆ ಎಂಥ ಸಂಕಟವಿದ್ದೀತೆಂದು ತಿಳಿಯಲು ಇತಿಹಾಸದ ಪುಸ್ತಕ ಬೇಕಿಲ್ಲ. ಮಿಷನ್ನಿನ ಬರಹಗಳಲ್ಲಿ ಆ ದಿನ ಹಬ್ಬದಂತೆ ಬಂದಿದೆ. ತಾಯಂದಿರ ಕಡೆಯಿಂದ ಅದೇ ದಿನವನ್ನು ಬರೆದವರಿಲ್ಲ. ಈ ಅರ್ಧ ಕಥೆ ಬರೆಯದೆ ಉಳಿದದ್ದು ನಮ್ಮ ಇತಿಹಾಸ ಲೇಖನದ ದೊಡ್ಡ ಕೊರತೆ.

1846ರಲ್ಲಿ ಆನಂದರಾಯರು ಮೋಗ್ಲಿಂಗರ ಜೊತೆ ಯುರೋಪಿಗೆ ಹೊರಟರು. ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಎಂಬ ಕಾಲ. ಇವರಿಗೆ ಆಗಲೇ ಹೋಗಿತ್ತು. ಬಾಸೆಲಿನ ಮಿಷನ್ ಸೆಮಿನರಿಯಲ್ಲಿ ಓದಿ 1851ರಲ್ಲಿ ಪಾದ್ರಿದೀಕ್ಷೆ ಪಡೆದು ಮರಳಿದರು. ಹಾಗೆ ಬಾಸೆಲ್ ಮಿಷನ್ನಿನಿಂದ ದೀಕ್ಷೆ ಪಡೆದ ಮೊದಲ ಭಾರತೀಯರು ಅವರು. ಮಿಷನ್ ಅವರನ್ನು ಯುರೋಪಿನ ಮಿಷನರಿಗಳ ಸಾಲಿನಲ್ಲೇ ಕೂರಿಸಿತು. ಮಂಗಳೂರಿನ ಸೆಮಿನರಿಯಲ್ಲಿ ಅವರು ಗುರುಗಳಾದರು. 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಕೊಡಗಿನ ಆನಂದಪುರ ಎಂಬ ಕ್ರೈಸ್ತ ಹಳ್ಳಿ ಅವರ ಹೆಸರನ್ನು ಹೊತ್ತಿದೆ. ಸತ್ತದ್ದು 1893ರಲ್ಲಿ. ಕನ್ನಡನಾಡಿನಿಂದ ಯುರೋಪಿಗೆ ಓದಲು ಹೋಗಿ ಬಂದ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು ಎಂದೇ ಇವರನ್ನು ನೆನೆಯಬೇಕು. ಆದರೆ ನಮ್ಮ ಪಠ್ಯಗಳಲ್ಲಿ ಅವರ ಹೆಸರು ಹುಡುಕಿದರೆ ಸಿಗುವುದಿಲ್ಲ.

ಮೋಗ್ಲಿಂಗ್–ಕೌಂಡಿನ್ಯರ ಜೋಡಿಗೂ ಟೇಲರ್–ವೆಂಕಟಪ್ಪ ನಾಯಕರ ಜೋಡಿಗೂ ಇರುವ ವ್ಯತ್ಯಾಸವನ್ನು ಧರ್ಮದಲ್ಲಿ ಹುಡುಕಿದರೆ ಸಿಗದು. ಮೋಗ್ಲಿಂಗರು ತಾವೂ ಕಲಿಯಲು ಕೂತರು ಎಂಬುದರಲ್ಲಿ ಅದಿದೆ. ನೀಲಗಿರಿಯಲ್ಲಿದ್ದ ಕಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ನ್ಯಾಯಾಧೀಶರು ಕೊಟ್ಟ ಹಣದಿಂದ 1848ರಿಂದ 1853ರವರೆಗೆ ಅವರು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ ಅಚ್ಚು ಹಾಕಿಸಿದರು. ಅದರಲ್ಲಿ ಜೈಮಿನಿ ಭಾರತವಿದೆ, ದಾಸರ ಪದಗಳಿವೆ, ಬಸವಪುರಾಣ, ಚನ್ನಬಸವಪುರಾಣಗಳಿವೆ. ಜೈಮಿನಿ ಭಾರತದ ಕವಿ ದೇವಪುರದ ಲಕ್ಷ್ಮೀಶ ನಮ್ಮ ಸುರಪುರ ಸೀಮೆಯವನೇ ಎಂದು ವಾದಿಸುವ ವಿದ್ವಾಂಸರು ಇದ್ದಾರೆ. ಆ ವಾದ ಏನೇ ಇರಲಿ, ಅವನ ಕಾವ್ಯ ಅಚ್ಚಿನ ರೂಪ ಕಂಡದ್ದು ಶೈವನೂ ಅಲ್ಲದ ವೈಷ್ಣವನೂ ಅಲ್ಲದ ಒಬ್ಬ ಜರ್ಮನ್ ಪಾದ್ರಿಯ ಶ್ರಮದಿಂದ. ಪಾಠ ಹೇಳಲು ಬಂದವರು ದಾಸರ ಮುಂದೆಯೂ ಶರಣರ ಮುಂದೆಯೂ ಪಾಠಕ್ಕೆ ಕೂತರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಈ ಕನ್ನಡದ ಕೆಲಸ ನೋಡಿ. ಅವರ ದಾರಿಯಲ್ಲೇ ಬಂದ ಕಿಟೆಲರಿಗೂ ಅದೇ ವಿಶ್ವವಿದ್ಯಾಲಯ 1896ರಲ್ಲಿ ಡಾಕ್ಟರೇಟ್ ಕೊಟ್ಟಿತು. 1894ರ ಅವರ ನಿಘಂಟನ್ನು ಗೊತ್ತಿಲ್ಲದ ಕನ್ನಡಿಗರಿಲ್ಲ. ಹಾಗೆಂದು ಈ ಮಿಷನರಿಗಳ ಎಲ್ಲ ಬರಹವೂ ಗೌರವದಿಂದ ಕೂಡಿತ್ತು ಎನ್ನುವಂತಿಲ್ಲ. ನಮ್ಮ ದೇವರುಗಳನ್ನು, ಪೂಜೆಯನ್ನು ಒರಟಾಗಿ ಹಳಿದ ಕರಪತ್ರಗಳೂ ಅದೇ ಮಿಷನ್ನುಗಳ ಅಚ್ಚುಕೂಟಗಳಿಂದಲೇ ಬಂದಿವೆ. ಎರಡೂ ನಿಜ.

ಕಾಲೇಜು ವಿದ್ಯಾರ್ಥಿಗಳನ್ನೇ ಗುರಿಯಾಗಿಟ್ಟುಕೊಂಡ ಮಿಷನ್ ಕೆಲಸ ಬಲಗೊಂಡದ್ದು ಮೋಗ್ಲಿಂಗರ ಕಾಲದ ನಂತರ. ಅದರ ಬೇರಿನಲ್ಲಿ ಕೊಲ್ಹಾಪುರವಿದೆ. ರಾಬರ್ಟ್ ವೈಲ್ಡರ್ ಎಂಬ ಅಮೆರಿಕನ್ 1863ರಲ್ಲಿ ಹುಟ್ಟಿದ್ದು ಕೊಲ್ಹಾಪುರದಲ್ಲಿ, ಮಿಷನರಿ ತಂದೆತಾಯಿಗಳ ಮನೆಯಲ್ಲಿ. ಪ್ರಿನ್ಸ್‌ಟನ್ನಿನಲ್ಲಿ ಓದುತ್ತಿದ್ದಾಗ, 1886ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ಸೇರಿದ ವಿದ್ಯಾರ್ಥಿ ಶಿಬಿರದಲ್ಲಿ ಅವನು ಒಬ್ಬೊಬ್ಬರನ್ನೂ ಕಂಡು ಮಾತಾಡಿದ. ಪರದೇಶಕ್ಕೆ ಮಿಷನರಿಗಳಾಗಿ ಹೋಗುತ್ತೇವೆಂದು ಅಲ್ಲಿ ನೂರು ವಿದ್ಯಾರ್ಥಿಗಳು ಒಪ್ಪಿದರು. ಅದೇ ಬೆಳೆದು ‘ಸ್ಟೂಡೆಂಟ್ ವಾಲಂಟಿಯರ್’ ಚಳವಳಿಯಾಯಿತು. ವೈಲ್ಡರ್ 1890ರ ದಶಕದಲ್ಲಿ ತಾನು ಹುಟ್ಟಿದ ದೇಶಕ್ಕೇ ಮರಳಿ ಇಲ್ಲಿನ ಕಾಲೇಜು ಹುಡುಗರ ನಡುವೆ ದುಡಿದ.

ಆ ನೂರು ಮಂದಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಮಾಟ್ ಒಬ್ಬ. 1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೇನಾ ಕೋಟೆಯಲ್ಲಿ ವಿಶ್ವ ವಿದ್ಯಾರ್ಥಿ ಕ್ರೈಸ್ತ ಫೆಡರೇಷನ್ ಕಟ್ಟಲು ಮುಂದಾದವನು, ಮುಂದೆ 1946ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವನು ಅವನೇ. 1895ರಿಂದ ಮೂರು ದಶಕ ಕಳೆದು, 1928ರ ಕೊನೆಗೆ, ಆ ಫೆಡರೇಷನ್ನಿನ ಸಾಮಾನ್ಯ ಸಮಿತಿ ಸೇರಿದ್ದು ನಮ್ಮ ಮೈಸೂರಿನಲ್ಲಿ. ಲೋಕದ ನಾನಾ ದೇಶಗಳ ವಿದ್ಯಾರ್ಥಿ ಪ್ರತಿನಿಧಿಗಳು ಆಗ ಮೈಸೂರಿಗೆ ಬಂದಿದ್ದರು. ಇಷ್ಟು ದೊಡ್ಡ ಸಂಗತಿ ಮೈಸೂರಿನವರ ನೆನಪಿನಲ್ಲೂ ಉಳಿದಿಲ್ಲ ಎಂಬುದು ಬೇಸರದ ಮಾತು.

ಇದೇ ಅಲೆಯಲ್ಲಿ ಬಲಗೊಂಡದ್ದು ಕ್ರೈಸ್ತ ಯುವಕರ ಸಂಘ, ವೈಎಂಸಿಎ. ಯಾದಗಿರಿಯ ಯಾವ ಹೈಸ್ಕೂಲಿನ ಮೈದಾನಕ್ಕೆ ಹೋದರೂ ಸಂಜೆ ಬಲೆ ಕಟ್ಟಿ ವಾಲಿಬಾಲ್ ಆಡುವುದು ಕಾಣುತ್ತದೆ. ಆ ಆಟ ಹುಟ್ಟಿದ್ದು 1895ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ, ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ಶಿಕ್ಷಕನಿಂದ. ಭಾರತಕ್ಕೆ ಅದನ್ನು ತಂದವರೂ ವೈಎಂಸಿಎಯವರೇ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದರು. ವಿದ್ಯಾರ್ಥಿಗೆ ಮಿಷನರಿ ಕೊಟ್ಟದ್ದರಲ್ಲಿ ಯಾರ ಜಾತಿಯನ್ನೂ ಯಾರ ದೇವರನ್ನೂ ಕೇಳದೆ ಹಳ್ಳಿಹಳ್ಳಿಗೂ ಮುಟ್ಟಿದ್ದು ಬಹುಶಃ ಈ ಆಟ.

ವೈಎಂಸಿಎಯ ವಿದ್ಯಾರ್ಥಿ ಕಾರ್ಯದರ್ಶಿಯಾಗಿ 1896ರಲ್ಲಿ ಭಾರತಕ್ಕೆ ಬಂದವರು ಯೇಲ್‌ನಲ್ಲಿ ಓದಿದ ಶೆರ್ವುಡ್ ಎಡ್ಡಿ. ದಕ್ಷಿಣದ ಕಾಲೇಜುಗಳಲ್ಲಿ ಅವರ ಜೊತೆ ತಿರುಗಿದವರು ತಿರುನೆಲ್ವೇಲಿ ಸೀಮೆಯ ವಿ.ಎಸ್. ಅಜರಾಯ. ಇಬ್ಬರೂ ಗಾಢ ಗೆಳೆಯರಾದರು. ಅಜರಾಯರು ಮುಂದೆ ವೈಎಂಸಿಎಯ ಕೆಲಸ ಬಿಟ್ಟು ನಿಜಾಮರ ಸೀಮೆಯ ದೋರ್ನಕಲ್‌ಗೆ, ಅಂದರೆ ಯಾದಗಿರಿಯೂ ಸೇರಿದ್ದ ಅದೇ ರಾಜ್ಯಕ್ಕೆ, ಮಿಷನರಿಯಾಗಿ ಹೋದರು. 1912ರಲ್ಲಿ ಅಲ್ಲಿನ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯ ಅವರು. ಅದಕ್ಕೂ ಎರಡು ವರ್ಷ ಮೊದಲು, 1910ರಲ್ಲಿ, ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳ ಮಹಾಸಮ್ಮೇಳನ ನಡೆಯಿತು. ಸಾವಿರದ ಇನ್ನೂರರಷ್ಟು ಪ್ರತಿನಿಧಿಗಳಲ್ಲಿ ಏಷ್ಯಾದವರು ಬೆರಳೆಣಿಕೆಯಷ್ಟು. ಅಲ್ಲಿ ಎದ್ದು ನಿಂತು ಅಜರಾಯರು ಸಭೆಯನ್ನು ಬೆಚ್ಚಿಬೀಳಿಸಿದರು. ನೀವು ನಮಗಾಗಿ ಆಸ್ತಿ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ಅದಕ್ಕೆ ಋಣಿಗಳು. ಆದರೆ ನಮಗೆ ಬೇಕಾದದ್ದು ಸ್ನೇಹ ಎಂಬುದು ಅವರ ಮಾತಿನ ಸಾರ. ಜೊತೆಯಲ್ಲಿ ದುಡಿಯುವ ಭಾರತೀಯನನ್ನು ಮನೆಗೆ ಊಟಕ್ಕೆ ಕರೆಯದ ಮಿಷನರಿಗಳಿದ್ದರು. ಅದನ್ನೇ ಅವರು ಮುಖಕ್ಕೆ ಹೇಳಿದ್ದು. ಸಭೆಯಲ್ಲಿ ಕೆಲವರು ಸಿಟ್ಟಾದರು. ಮಿಷನ್ ಚರಿತ್ರೆಯಲ್ಲಿ ಈ ಮಾತಿನಷ್ಟು ಕೆಲಸ ಮಾಡಿದ ಭಾಷಣ ಇನ್ನೊಂದು ಸಿಗುವುದು ಕಷ್ಟ.

ಸ್ನೇಹ ಎಂದರೆ ಏನೆಂದು ನಡೆದು ತೋರಿಸಿದವರೂ ಇದ್ದರು. ಕೇಂಬ್ರಿಜ್‌ನಿಂದ 1904ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಬಂದ ಸಿ.ಎಫ್. ಆಂಡ್ರೂಸರನ್ನು ಕನ್ನಡಿಗರು ದೀನಬಂಧು ಎಂದೇ ಬಲ್ಲರು. ಕಾಲೇಜಿನ ಪ್ರಾಂಶುಪಾಲ ಹುದ್ದೆ ಖಾಲಿಯಾದಾಗ ಅದಕ್ಕೆ ಆಂಗ್ಲನೇ ಬೇಕೆಂಬ ಯೋಚನೆ ಇತ್ತು. ಆಂಡ್ರೂಸರು ಅದನ್ನು ತಳ್ಳಿಹಾಕಿ, ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯರಾದ ಸುಶೀಲ್‌ಕುಮಾರ್ ರುದ್ರರೇ ಆ ಜಾಗಕ್ಕೆ ಬರಬೇಕೆಂದು ಪಟ್ಟು ಹಿಡಿದರು, ರುದ್ರರ ಕೈಕೆಳಗೆ ಪಾಠ ಮಾಡಿದರು. 1914ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಹಡಗುಕಟ್ಟೆಯಲ್ಲೇ ಗಾಂಧೀಜಿಯವರ ಪಾದ ಮುಟ್ಟಿದಾಗ ಅಲ್ಲಿನ ಬಿಳಿಯರು ಕೆರಳಿದರು. ತಾನು ಪಾಠ ಹೇಳಲು ಬಂದ ದೇಶದವನ ಕೈಕೆಳಗೆ ನಿಲ್ಲಬಲ್ಲ ಮಿಷನರಿಗಳು ಆ ಕಾಲಕ್ಕೆ ಅಪರೂಪ.

ಇನ್ನೊಂದು ಉದಾಹರಣೆ ಮದರಾಸಿನದು, ಅದರ ಕೊಂಡಿ ಮೈಸೂರಿಗೆ ಬರುತ್ತದೆ. ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳ ಕೈಯಲ್ಲಿ ತತ್ತ್ವಶಾಸ್ತ್ರ ಓದಿದ ಹುಡುಗನೊಬ್ಬನಿಗೆ, ಹಿಂದೂ ಚಿಂತನೆಯಲ್ಲಿ ನೀತಿಗೆ ಬೆಲೆಯಿಲ್ಲ ಎಂಬ ಟೀಕೆ ಚುಚ್ಚಿತು. ಆತ ಅದಕ್ಕೆ ಉತ್ತರವಾಗಿ ವೇದಾಂತದ ನೀತಿಯ ಮೇಲೆ 1908ರಲ್ಲಿ ಎಂ.ಎ. ಪ್ರಬಂಧ ಬರೆದ. ಪ್ರಬಂಧ ಓದಿ ಮೆಚ್ಚಿದವರು ಮಿಷನರಿ ಪ್ರಾಧ್ಯಾಪಕ ಎ.ಜಿ. ಹಾಗ್. ಆ ವಿದ್ಯಾರ್ಥಿ ಸರ್ವೇಪಲ್ಲಿ ರಾಧಾಕೃಷ್ಣನ್. 1918ರಲ್ಲಿ ಅವರು ಮೈಸೂರು ಮಹಾರಾಜಾ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ನಿಲ್ದಾಣದವರೆಗೆ ಎಳೆದರು. 1936ರಲ್ಲಿ ಆಕ್ಸ್‌ಫರ್ಡ್ ಅವರನ್ನು ಪೂರ್ವದ ಧರ್ಮ ಮತ್ತು ನೀತಿಶಾಸ್ತ್ರ ಕಲಿಸಲು ಕರೆಯಿತು. ಮಿಷನರಿಯ ವಿದ್ಯಾರ್ಥಿ ಮಿಷನರಿಯ ದೇಶಕ್ಕೆ ಹೋಗಿ ಗುರುಪೀಠದಲ್ಲಿ ಕೂತ. ತನ್ನ ಮಾತಿಗೆ ಎದುರು ವಾದ ಹೂಡಿದ ವಿದ್ಯಾರ್ಥಿಯ ಬೆನ್ನು ತಟ್ಟಿದ ಹಾಗ್ ಅವರನ್ನು ಉತ್ತಮ ಮಿಷನರಿ ಎನ್ನಬೇಕು. ಆ ವಿದ್ಯಾರ್ಥಿಯನ್ನು ಮತಾಂತರಿಸದೆಯೇ ಅವರು ಅಷ್ಟು ದೊಡ್ಡ ಕೆಲಸ ಮಾಡಿದರು.

ಸ್ವಾತಂತ್ರ್ಯದ ಹೊತ್ತಿಗೆ ದಿಕ್ಕು ತಿರುಗಿತ್ತು. ಕೇರಳದ ಎಂ.ಎಂ. ಥಾಮಸ್ 1947ರಲ್ಲಿ ಜಿನೀವಾಕ್ಕೆ ಹೋಗಿ, ಮೈಸೂರಿನಲ್ಲಿ ಸಭೆ ಸೇರಿದ್ದ ಅದೇ ಫೆಡರೇಷನ್ನಿನ ಕಾರ್ಯದರ್ಶಿಗಳಲ್ಲೊಬ್ಬರಾದರು. ಯುದ್ಧದಿಂದ ನುಚ್ಚುನೂರಾದ ಯುರೋಪಿನ ವಿದ್ಯಾರ್ಥಿಗಳ ನಡುವೆ ಒಬ್ಬ ಭಾರತೀಯ ದುಡಿದರು. ಮರಳಿ ಬಂದ ಮೇಲೆ ಬೆಂಗಳೂರೇ ಅವರ ಕರ್ಮಭೂಮಿ. 1957ರಲ್ಲಿ ಪಿ.ಡಿ. ದೇವಾನಂದನ್ ಅಲ್ಲಿ ಕಟ್ಟಿದ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯನ್ನು ಅವರ ನಂತರ ಥಾಮಸರು ನಡೆಸಿದರು. 1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾದರು. ಇನ್ನೊಂದು ಕವಲಿನಲ್ಲಿ, 1954ರಲ್ಲಿ ಯೂನಿಯನ್ ಆಫ್ ಇವಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ ಹುಟ್ಟಿತು. ಅದಕ್ಕೆ ಬೆನ್ನೆಲುಬಾದವರು ಮದರಾಸಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಎಚ್. ಇನೋಕ್ ಮತ್ತು ಅಮೆರಿಕದಿಂದ ಬಂದ ನಾರ್ಟನ್ ಸ್ಟೆರೆಟ್. ಎರಡು ವರ್ಷದೊಳಗೆ ಅದರ ಪ್ರಧಾನ ಕಾರ್ಯದರ್ಶಿಯ ಹೊಣೆ ಭಾರತೀಯ ಪಿ.ಟಿ. ಚಂದಪಿಳ್ಳೆಯವರ ಹೆಗಲಿಗೆ ಬಂತು. ಹೊರಗಿ­ನವರು ಬೇಗ ಬದಿಗೆ ಸರಿದದ್ದು ಈ ಸಂಸ್ಥೆಯ ಆರಂಭದ ಒಳ್ಳೆಯ ಅಂಶ.

ಈಗ ಮನೆಯ ಕಡೆ. ಯಾದಗಿರಿ ಸೀಮೆಯಲ್ಲಿ ಕ್ರೈಸ್ತ ಸಭೆ ಬೆಳೆಸಿದವರು ಅಮೆರಿಕದ ಮೆಥೊಡಿಸ್ಟರು. 1871ರ ಹೊತ್ತಿಗೆ ರೈಲು ಬಂದ ಮೇಲೆ ಮುಂಬಯಿ–ಮದರಾಸು ದಾರಿಯ ಊರುಗಳಿಗೆ ಹೊರಗಿನವರು ಬರುವುದು ಸುಲಭವಾಗಿತ್ತು. ಕಲಬುರಗಿ, ಬೀದರ, ರಾಯಚೂರು, ಯಾದಗಿರಿಗಳಲ್ಲಿ ಮೆಥೊಡಿಸ್ಟ್ ಸಭೆಗಳು ನೆಲೆಯಾದವು. ಯಾದಗಿರಿಯ ಹೋಲ್‌ಸ್ಟನ್ ಮಿಷನ್ ದವಾಖಾನೆಯ ಹೆಸರಿನಲ್ಲಿರುವುದು ಅಮೆರಿಕದ ಟೆನ್ನೆಸ್ಸಿ ಸುತ್ತಲಿನ ಮೆಥೊಡಿಸ್ಟ್ ಪ್ರಾಂತದ ಹೆಸರು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದು. ಈ ಸೀಮೆಯ ಹುಡುಗ ಪದವಿ ಓದಬೇಕಾದರೆ ಹೈದರಾಬಾದಿಗೆ ಹೋಗಿ ಬೇರೆ ಭಾಷೆಯಲ್ಲಿ ಓದಬೇಕಿತ್ತು. ದೇಶದೊಳಗೇ ಅವನು ಪರದೇಶಿ. ಅಂಥ ಕಾಲದಲ್ಲಿ ಚರ್ಚಿನ ಹಾಡು, ಪ್ರಾರ್ಥನೆ ಕನ್ನಡದಲ್ಲಿ ನಡೆದವು. ಕನ್ನಡ ಇತಿಹಾಸ ಬರೆಯುವವರು ಇದನ್ನು ಗಮನಿಸಬೇಕು. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಅಮೆರಿಕದಿಂದ ಸ್ವತಂತ್ರವಾಯಿತು.

ಇಂದು ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಶಹಾಪುರದ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಯಾದಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಹುಡುಗ ಹುಡುಗಿಯರಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಸಿಕ್ಕಿದೆ. ಆದರೂ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದ್ದು ಶೇ. 75.36. ರಾಜ್ಯದಲ್ಲೇ ಕೊನೆಯ ಸ್ಥಾನ. ಇಂಥ ಜಿಲ್ಲೆಯಿಂದ ಮೇಲೆದ್ದು ಬೆಂಗಳೂರು, ಹೈದರಾಬಾದು, ಅಲ್ಲಿಂದ ಜರ್ಮನಿ, ಅಮೆರಿಕ, ಆಸ್ಟ್ರೇಲಿಯಾಕ್ಕೆ ಹೋಗುವ ವಿದ್ಯಾರ್ಥಿಯ ಹಿಂದೆ ಒಂದಿಡೀ ಮನೆಯ ಹೊಲ, ಒಡವೆ, ಬ್ಯಾಂಕ್ ಸಾಲ ಇರುತ್ತದೆ. ಪರದೇಶದ ಕ್ಯಾಂಪಸ್ಸಿನಲ್ಲಿ ಅವನನ್ನು ವಿಮಾನ ನಿಲ್ದಾಣದಿಂದ ಕರೆತಂದು, ಹಳೆಯ ಮಂಚ ಕುರ್ಚಿ ಕೊಡಿಸಿ, ಭಾಷೆ ಕಲಿಸಿ, ಹಬ್ಬದ ರಜೆಯಲ್ಲಿ ಊಟಕ್ಕೆ ಕರೆಯುವವರಲ್ಲಿ ಅಲ್ಲಿನ ಚರ್ಚುಗಳ ವಿದ್ಯಾರ್ಥಿ ಸಂಘದವರೂ ಇರುತ್ತಾರೆ. ಮಿಷನರಿ ಈಗ ಹಡಗು ಹತ್ತಬೇಕಿಲ್ಲ. ಪರದೇಶದ ವಿದ್ಯಾರ್ಥಿಯೇ ಅವನ ಊರಿಗೆ ಬಂದಿಳಿಯುತ್ತಾನೆ.

ಹಬ್ಬದ ರಜೆಯ ಆ ಊಟ ಗಾಳವಾಗಬಾರದು. ಒಂಟಿತನದಲ್ಲಿ, ಫೀಸಿನ ಚಿಂತೆಯಲ್ಲಿ, ಕಾಯಿಲೆಯಲ್ಲಿ ಇರುವ ಇಪ್ಪತ್ತರ ಹುಡುಗ ‘ಹೌದು’ ಎಂದರೆ ಅದು ಅವನ ಮನಸ್ಸಿನ ‘ಹೌದು’ ಎಂದು ಹೇಗೆ ತಿಳಿಯುವುದು? ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯ ಕೊಟ್ಟಿದೆ. 1977ರ ಸ್ಟ್ಯಾನಿಸ್‌ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಪ್ರವಾಸಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಭಾರತಕ್ಕೆ ಬಂದ ವಿದೇಶಿಯರು ಮಿಷನರಿ ಕೆಲಸ ಮಾಡುವಂತಿಲ್ಲ. ಕಾನೂನಿಗೆ ಅದರದೇ ಮಿತಿ ಇದೆ. ಹೆದರಿಕೆ ಆಮಿಷಗಳಿಲ್ಲದೆ ಮನಸ್ಸು ಬದಲಿಸುವ ವಯಸ್ಕನ ಹಕ್ಕನ್ನೂ ಅಷ್ಟೇ ಬಲವಾಗಿ ಕಾಯಬೇಕು. ಕೌಂಡಿನ್ಯರು ಆರಿಸಿಕೊಂಡದ್ದೂ, ರಾಧಾಕೃಷ್ಣನ್ ನಿರಾಕರಿಸಿದ್ದೂ ಎರಡೂ ಗೌರವಕ್ಕೆ ತಕ್ಕವು. ಒಬ್ಬರು ಒಪ್ಪಿ ಗುರುವಿಗೆ ಸಮನಾದರು, ಇನ್ನೊಬ್ಬರು ಒಪ್ಪದೆ ಗುರುವಿಗೆ ಸಮನಾದರು. ವೆಂಕಟಪ್ಪ ನಾಯಕರಿಗೆ ಸುರಪುರದ ಗುಡ್ಡದ ಮೇಲೆ ಈ ಎರಡರಲ್ಲಿ ಒಂದೂ ಸಿಗಲಿಲ್ಲ.

ವಿದ್ಯಾರ್ಥಿಗಳ ನಡುವೆ ಕೆಲಸ ಮಾಡಲು ಪರದೇಶಕ್ಕೆ ಹೊರಡುವ ನಮ್ಮವರೂ ಈಗ ಇದ್ದಾರೆ. ಕ್ರೈಸ್ತ ಪಾದ್ರಿಗಳು, ಮಠದ ಸ್ವಾಮಿಗಳು, ಬಸವ ಸಮಿತಿಯವರು, ಯೋಗ ಕಲಿಸುವವರು ಎಲ್ಲರೂ. ಎಲ್ಲರಿಗೂ ಒಂದೇ ಮಾತು ಹೇಳಬೇಕಾಗಿದೆ. ಎದುರಿಗಿರುವ ವಿದ್ಯಾರ್ಥಿಯ ಭಾಷೆ ಕಲಿಯಿರಿ, ಅವನ ಪುಸ್ತಕ ಓದಿರಿ, ಅವನು ಎದುರು ವಾದಿಸಿದರೆ ಸಂತೋಷಪಡಿರಿ, ಅವನ ನಾಡಿನವರಿಗೆ ಜಾಗ ಬಿಟ್ಟು ಸರಿಯಲು ಮೊದಲ ದಿನದಿಂದಲೇ ಸಿದ್ಧರಾಗಿರಿ.

ಇನ್ನೊಂದು ಕೆಲಸ ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾರ್ಥಿಗಳಿಗೇ ಸೇರಿದ್ದು. ಅಮೆರಿಕದ ಮೆಥೊಡಿಸ್ಟರ ಹಳೆಯ ಕಾಗದಪತ್ರಗಳ ಭಂಡಾರ ನ್ಯೂಜೆರ್ಸಿಯ ಮ್ಯಾಡಿಸನ್ ಊರಿನ ಡ್ರೂ ವಿಶ್ವವಿದ್ಯಾಲಯದಲ್ಲಿದೆ. ಬಾಸೆಲ್ ಮಿಷನ್ನಿನ ಫೋಟೊಗಳು, ಪತ್ರಗಳು ಬಾಸೆಲಿನಲ್ಲಿವೆ. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲೂ ಮಿಷನ್ ದಾಖಲೆಗಳ ಸಂಗ್ರಹವಿದೆ. ನಮ್ಮ ಅಜ್ಜ ಅಜ್ಜಿಯರ ಬಗ್ಗೆ ಮಿಷನರಿಗಳು ತಮ್ಮ ಊರಿಗೆ ಏನು ಬರೆದರು ಎಂದು ಓದಿ ನೋಡಿದ ಯಾದಗಿರಿಯವರು ಬಹಳ ಇಲ್ಲ. ಮಿಷನ್ ಶಾಲೆಗೆ ಯಾವ ಕೇರಿಯ ಮಕ್ಕಳು ಬಂದರು, ಯಾರನ್ನು ಹೊರಗೆ ಕೂರಿಸಿದರು, ಪಾದ್ರಿಗೆ ಕನ್ನಡ ಕಲಿಸಿದ ಮುನ್ಷಿ ಯಾರು, ದವಾಖಾನೆಯ ಕಂಪೌಂಡರ್ ಯಾರು, ಬೈಬಲ್ ಹೆಂಗಸು ಎಂದು ಕರೆಸಿಕೊಂಡು ಹಳ್ಳಿ ತಿರುಗಿದ ಅಕ್ಕಂದಿರ ಹೆಸರೇನು ಎಂಬ ಪ್ರಶ್ನೆಗಳನ್ನು ಹಿಡಿದು ಕಲಬುರಗಿಯ ಇತಿಹಾಸ ವಿಭಾಗದ ಒಬ್ಬ ಹುಡುಗಿಯೋ ಹುಡುಗನೋ ಮೊದಲು ಬೆಂಗಳೂರಿಗೆ, ಆಮೇಲೆ ಬಾಸೆಲ್‌ಗೆ, ಮ್ಯಾಡಿಸನ್‌ಗೆ ಹೋಗಬೇಕು. ದತ್ತಿ ಇಡುವ ಮನಸ್ಸುಳ್ಳವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರು ಈ ಪ್ರಯಾಣದ ಟಿಕೆಟ್ಟಿಗೂ ಆರು ತಿಂಗಳ ವಸತಿಗೂ ಹಣ ಕೊಟ್ಟರೆ, ಮುಂದಿನ ವರ್ಷವೇ ಕೆಲಸ ಶುರುವಾಗಬಹುದು.